ಪೆಡಲ್ ತುಳಿಯುತ್ತಾ ಚಂದ್ರನಾಚೆಗೆ

ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಎದುರಾದ ಇಬ್ಬರು ಸೈಕಲ್ ಪ್ರವಾಸಿಗಳು ಹೆಸರು ಕೇಳುವ ಮುಂಚೆಯೇ ಲೆಕ್ಕ ಕೇಳುತ್ತಾರೆ. ಎಲ್ಲಿಂದ ಬಂದಿರಿ? ಎಲ್ಲಿಗೆ? ಇವತ್ತು ಎಷ್ಟಾಯಿತು? ಜರ್ಮನಿಯ ಪಾಸೌದಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೊರಟವರದು 300 ಕಿಲೋಮೀಟರ್ ಮೀರಿದ ದಾರಿ. ಮಕ್ಕಳು ಮರಿ ಕಟ್ಟಿಕೊಂಡು ವಾರದಲ್ಲಿ ಮುಗಿಸುವವರಿದ್ದಾರೆ. ಸಣ್ಣ ಸಾಧನೆಯೇನಲ್ಲ! ಆದರೆ ಎದುರು ನಿಂತವರು ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರಕ್ಕೆ ಹೊರಟವರಾದರೆ ಅವರ ಉತ್ತರ 4,450 ಕಿಲೋಮೀಟರ್, 10 ದೇಶ. ಶ್ರೀನಗರದಿಂದ ಕನ್ಯಾಕುಮಾರಿಗೆ ಇಳಿಯುವ ನಮ್ಮ ಅತಿ ಉದ್ದದ ಹೆದ್ದಾರಿಯೂ ಇದರ ಮುಂದೆ ಗಿಡ್ಡ. ಒಂದು ಸುತ್ತು ಪೆಡಲಿಗೆ ಸೈಕಲ್ ಐದು ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಆಗ ಸಮುದ್ರದಿಂದ ಸಮುದ್ರಕ್ಕೆ 8,90,000 ಸುತ್ತು!

ಈ ದಾರಿಯ ಹೆಸರು ಯೂರೋವೆಲೊ 6. ಅದರ ತಮ್ಮ ಎನ್ನಬಹುದಾದ ಯೂರೋವೆಲೊ 13 ಇನ್ನೂ ಉದ್ದ. ಒಂದು ಕಾಲದಲ್ಲಿ ಯುರೋಪನ್ನು ಎರಡು ಹೋಳು ಮಾಡಿದ್ದ ಉಕ್ಕಿನ ಪರದೆ ಎಂಬ ಗಡಿಯ ಗುಂಟ, ನಾರ್ವೆಯ ಬ್ಯಾರೆಂಟ್ಸ್ ಸಮುದ್ರದಿಂದ ಕಪ್ಪು ಸಮುದ್ರದವರೆಗೆ ಅದು 20 ದೇಶಗಳನ್ನು ಮುಟ್ಟುತ್ತದೆ. ಉದ್ದ ಸುಮಾರು 10,000 ಕಿಲೋಮೀಟರ್, ಅಂದರೆ ಉತ್ತರ ಧ್ರುವದಿಂದ ಭೂಮಧ್ಯರೇಖೆಗೆ ಇರುವಷ್ಟು. ಸೈನಿಕರು ಬಂದೂಕು ಹಿಡಿದು ಕಾದ ಗಡಿಯಲ್ಲಿ ಇಂದು ಅಪರಿಚಿತರು ಪರಸ್ಪರ ಪಂಕ್ಚರ್ ಹಾಕಿಕೊಡುತ್ತಾರೆ. ಯುರೋಪಿನ ಇಂಥ 17 ಯೂರೋವೆಲೊ ಸೈಕಲ್ ದಾರಿಗಳನ್ನು ಕೂಡಿಸಿದರೆ 90,000 ಕಿಲೋಮೀಟರ್ ದಾಟುತ್ತದೆ. ಭೂಮಿಯನ್ನು ಎರಡು ಸಲ ಸುತ್ತಿದರೂ ಇನ್ನೂ ಸುಮಾರು 10,000 ಕಿಲೋಮೀಟರ್ ಕೈಯಲ್ಲಿ ಉಳಿಯುತ್ತದೆ!

ಉದ್ದ ಹಾಗಿರಲಿ, ಎತ್ತರಕ್ಕೆ ಬನ್ನಿ. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸೈಕಲ್ ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1,200 ಕಿಲೋಮೀಟರ್, ಗಡುವು 90 ಗಂಟೆ. ನಿದ್ದೆ, ಊಟ, ಮಳೆ ಎಲ್ಲ ಅದರೊಳಗೇ. ಏರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ 11,000 ಮೀಟರ್ ಮೀರುತ್ತದೆ. ಎವರೆಸ್ಟ್ 8,849ಕ್ಕೇ ನಿಂತುಬಿಡುತ್ತದೆ! 2019ರಲ್ಲಿ 6,000ಕ್ಕೂ ಹೆಚ್ಚು ಮಂದಿ ಹೊರಟರು. ಅವರಲ್ಲಿ ಭಾರತದ ನೂರಾರು ಸವಾರರು, ನಮ್ಮ ಬೆಂಗಳೂರಿನವರೂ ಇದ್ದರು. ನನಗೆ ಈ ಎಲ್ಲ ಅಂಕಿಗಳಿಗಿಂತ ಪ್ರಿಯವಾದ ಅಂಕಿ ಸೊನ್ನೆ. ದಾರಿಯ ಹಳ್ಳಿಗಳಲ್ಲಿ ಜನ ನಡುರಾತ್ರಿ ಮನೆ ಮುಂದೆ ಮೇಜು ಹಾಕಿ ಕೊಡುವ ಕಾಫಿ, ನೀರು, ತಿಂಡಿಯ ಬೆಲೆ ಅದು. ಲಾ ತಾನಿಯೇರ್ ಎಂಬಲ್ಲಿ ಒಂದು ಮನೆಯವರು ದಶಕಗಳಿಂದ ಸವಾರರಿಗೆ ಕ್ರೇಪ್ ಎಂಬ ತೆಳು ದೋಸೆ ಮಾಡಿ ಬಡಿಸುತ್ತಿದ್ದಾರೆ. ಬದಲಿಗೆ ಅವರು ಬಯಸುವುದು, ಊರು ಸೇರಿದ ಮೇಲೆ ಒಂದು ಪೋಸ್ಟ್ ಕಾರ್ಡ್ ಮಾತ್ರ.

ನಾಲ್ಕು ದಿನಕ್ಕೇ ಉಸಿರು ಕಟ್ಟಿತೇ? ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರಲ್ಲಿ ಇಡೀ ವರ್ಷ ಸೈಕಲ್ ಇಳಿಯಲಿಲ್ಲ ಎನ್ನಬೇಕು. ವರ್ಷದ ಕೊನೆಗೆ 75,065 ಮೈಲಿ, ಅಂದರೆ 1,20,805 ಕಿಲೋಮೀಟರ್. ಭೂಮಿಗೆ ಮೂರು ಪ್ರದಕ್ಷಿಣೆ! ದಿನದ ಸರಾಸರಿ ಸುಮಾರು 330 ಕಿಲೋಮೀಟರ್, ಬೆಂಗಳೂರಿನಿಂದ ಚೆನ್ನೈಗೆ ಹೆಚ್ಚುಕಡಿಮೆ ಅಷ್ಟೇ. ಭಾರದ ಉಕ್ಕಿನ ಸೈಕಲ್, ನಾಲ್ಕು ಗೇರು. ಸೆಪ್ಟೆಂಬರ್‌ನಲ್ಲಿ ಮಹಾಯುದ್ಧ ಶುರುವಾಗಿ ದೀಪಗಳಿಗೆಲ್ಲ ಮುಸುಕು ಬಿದ್ದ ಮೇಲೂ ಆತ ಕತ್ತಲಲ್ಲೇ ತುಳಿದ. ಆ ದಾಖಲೆ ಮುರಿಯಲು ಜಗತ್ತು 75ಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು.

ಇನ್ನು ಜರ್ಮನಿಯ ಹೈನ್ಜ್ ಸ್ಟ್ಯೂಕೆ. 1962ರಲ್ಲಿ, 22ನೆಯ ವಯಸ್ಸಿನಲ್ಲಿ, ಹೋವೆಲ್‌ಹೋಫ್ ಎಂಬ ತನ್ನೂರಿನಿಂದ ಮೂರು ಗೇರಿನ ಸೈಕಲ್ ಏರಿ ಹೊರಟ ಈ ಮನುಷ್ಯ ಮತ್ತೆ ಅಲ್ಲಿ ನೆಲೆ ನಿಂತದ್ದು 2014ರಲ್ಲಿ. ನಡುವೆ ಕಳೆದದ್ದು ಅರ್ಧ ಶತಮಾನ! ದಾರಿ ಖರ್ಚಿಗೆ ತನ್ನ ಪ್ರಯಾಣದ ಕಥೆಯ ಪುಟ್ಟ ಪುಸ್ತಿಕೆಗಳನ್ನು ಸಿಕ್ಕಸಿಕ್ಕವರಿಗೆ ಮಾರುತ್ತಿದ್ದ, ಅಂದರೆ ದಾರಿಹೋಕರೊಡನೆ ಆಡಿದ ಮಾತೇ ಅವನಿಗೆ ಅನ್ನ. ತುಳಿದದ್ದು 6,00,000 ಕಿಲೋಮೀಟರ್‌ಗೂ ಹೆಚ್ಚು. ಗಾಡ್ವಿನ್‌ನ ಮಹಾವರ್ಷದಂಥ ಸುಮಾರು ಐದು ವರ್ಷಗಳು ಇದರಲ್ಲಿ ಹಿಡಿಯುತ್ತವೆ. ಭೂಮಿಯನ್ನು ಸುತ್ತುವುದಾದರೆ ಹದಿನೈದು ಸುತ್ತು. ಚಂದ್ರ ಇರುವುದು ಸುಮಾರು 3,84,400 ಕಿಲೋಮೀಟರ್ ದೂರದಲ್ಲಿ. ಸ್ಟ್ಯೂಕೆ ಅಲ್ಲಿಗೆ ಹೋಗಿ, ಸೈಕಲ್ ತಿರುಗಿಸಿ, ಮರಳಿ ಬರುವ ದಾರಿಯಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಮುಗಿಸಿದ್ದಾನೆ. ಪೆಡಲಿನ ಲೆಕ್ಕದಲ್ಲಿ ಹೇಳಿದರೆ 12 ಕೋಟಿ ಸುತ್ತು, ಎರಡೇ ಕಾಲಿನಲ್ಲಿ!