ಮನೆಮಂದಿಯೇ ಫಿಸಿಯೋ ಆದಾಗ

ಪಾರ್ಶ್ವವಾಯು ಬಡಿದವರ ಮಂಚದ ಪಕ್ಕ ನಮ್ಮಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಹೆಂಡತಿ, ಸೊಸೆ, ಮಗ, ಸುದ್ದಿ ಕೇಳಿ ಊರಿಂದ ಓಡಿಬಂದ ತಂಗಿ. ಇಲ್ಲದಿರುವುದು ಫಿಸಿಯೋಥೆರಪಿಸ್ಟ್. ದೊಡ್ಡಾಸ್ಪತ್ರೆಯಲ್ಲಿ ಇದ್ದಷ್ಟು ದಿನ ಸಿಕ್ಕರೂ, ಡಿಸ್ಚಾರ್ಜ್ ಆಗಿ ಹಳ್ಳಿ ಸೇರಿದ ಮೇಲೆ ಒಂದು ಕೈ, ಒಂದು ಕಾಲು ಸ್ವಾಧೀನವಿಲ್ಲದವರನ್ನು ವಾರಕ್ಕೆರಡು ಸಲ ಬಸ್ಸು ಹತ್ತಿಸಿ ಕರೆತರುವುದು ಎಷ್ಟು ಮನೆಗಳಿಗೆ ಸಾಧ್ಯ? ಹಾಗಾದರೆ ಪಕ್ಕದಲ್ಲೇ ಇರುವ ಆ ಸೊಸೆಗೇ, ಆ ಮಗನಿಗೇ ವ್ಯಾಯಾಮ ಮಾಡಿಸುವುದನ್ನು ಕಲಿಸಿಬಿಟ್ಟರೆ? ಖರ್ಚು ಕಡಿಮೆ, ಬಸ್ಸಿನ ಗೋಳಿಲ್ಲ, ಮಾಡಿಸುವವರಿಗೆ ಅಕ್ಕರೆಯೂ ಇದೆ. ಈ ಯೋಚನೆಗೆ ಬೇಡ ಎನ್ನುವವರೇ ಇರಲಿಲ್ಲ.

2014ರ ಜನವರಿಯಿಂದ 2016ರ ಫೆಬ್ರವರಿವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ಇದನ್ನು ಪರೀಕ್ಷೆಗೆ ಒಡ್ಡಲಾಯಿತು. ಪ್ರಯೋಗದ ಹೆಸರು 'ಅಟೆಂಡ್'. ಸಿಡ್ನಿಯ ರಿಚರ್ಡ್ ಲಿಂಡ್ಲಿ, ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಯರಾಜ್ ಪಾಂಡಿಯನ್ ಅದರ ಮುಂಚೂಣಿಯಲ್ಲಿದ್ದರು. ಅರ್ಧದಷ್ಟು ರೋಗಿಗಳಿಗೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಎಂದಿನ ಚಿಕಿತ್ಸೆಯ ಜೊತೆಗೆ, ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ: ರೋಗಿಯನ್ನು ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಿ ಕೂರಿಸಬೇಕು, ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕು. ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ತರಬೇತಿ ಮುಂದುವರಿಯಿತು. ಯಾರು ಯಾವ ಗುಂಪಿಗೆ ಎಂಬುದರಲ್ಲಿ ವೈದ್ಯರ ಆಯ್ಕೆಯಾಗಲೀ ರೋಗಿಯ ಆಯ್ಕೆಯಾಗಲೀ ಇರಲಿಲ್ಲ.

ಆರು ತಿಂಗಳ ನಂತರ ಲೆಕ್ಕ ಹಾಕಿದಾಗ, ತರಬೇತಿ ಪಡೆದ ಮನೆಗಳಲ್ಲಿ ತೀರಿಕೊಂಡವರು ಮತ್ತು ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರನ್ನು ನೆಚ್ಚಿಕೊಂಡವರು ಸೇರಿ ಶೇ. 47. ತರಬೇತಿ ಇಲ್ಲದ ಮನೆಗಳಲ್ಲಿ? ಅದೂ ಶೇ. 47.

2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯಶಸ್ಸಿನ ವರದಿಗಳಿಗಿಂತ ಇಂಥ ವರದಿಗಳೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತವೆ. ಪರೀಕ್ಷೆ ಮಾಡದೇ ಇದ್ದಿದ್ದರೆ ಯಾವುದೋ ಸರ್ಕಾರ ಇದನ್ನೇ ಯೋಜನೆ ಮಾಡಿ, ಪುಸ್ತಿಕೆ ಹಂಚಿ, ಇನ್ನು ಫಿಸಿಯೋಗಳ ನೇಮಕಾತಿ ಬೇಡವೆಂದು ಕೈತೊಳೆದುಕೊಳ್ಳಬಹುದಿತ್ತು.

ಆದರೆ ಇಷ್ಟು ಸಹಜವಾಗಿ ಸರಿ ಎನಿಸಿದ್ದು ಯಾಕೆ ಫಲ ಕೊಡಲಿಲ್ಲ? ಒಂದು ಕಾರಣ ಊಹಿಸುವುದು ಕಷ್ಟವಲ್ಲ. ತರಬೇತಿ ಸಿಗದ ಮನೆಯವರೇನು ಕೈಕಟ್ಟಿ ಕೂತಿರಲಿಲ್ಲವಲ್ಲ. ಅವರೂ ಎಬ್ಬಿಸಿದರು, ನಡೆಸಿದರು, ಎಣ್ಣೆ ತಿಕ್ಕಿದರು. ಎರಡನೆಯ ಕಾರಣ ತಿಳಿಯಬೇಕಾದರೆ ಮಿದುಳಿನೊಳಗೆ ಇಣುಕಬೇಕು.

ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸತ್ತರೆ ಅಲ್ಲಿನ ನರಕೋಶಗಳು ಮತ್ತೆ ಹುಟ್ಟಿ ಜಾಗ ತುಂಬುವುದಿಲ್ಲ. ಸುತ್ತಲಿನ ಭಾಗಗಳು ಆ ಕೆಲಸವನ್ನು ಅಷ್ಟಿಷ್ಟು ವಹಿಸಿಕೊಳ್ಳಬಲ್ಲವು. ಅಮೆರಿಕದ ರ‍್ಯಾಂಡಾಲ್ಫ್ ನ್ಯೂಡೊ ಮತ್ತು ಸಂಗಡಿಗರು 1996ರಲ್ಲಿ ಅಳಿಲು ಕೋತಿಗಳಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಕೈಯನ್ನು ನಡೆಸುವ ಮಿದುಳಿನ ಜಾಗದಲ್ಲಿ ಚಿಕ್ಕ ಹಾನಿ ಮಾಡಿ ಸುಮ್ಮನೆ ಬಿಟ್ಟರೆ, ಪಕ್ಕದಲ್ಲಿ ಉಳಿದಿದ್ದ ಆರೋಗ್ಯವಂತ ಭಾಗವೂ ಕೈಯನ್ನು ಕೈಬಿಡುತ್ತಾ ಬಂತು. ಚಿಕ್ಕ ಗುಳಿಗಳಿಂದ ಆಹಾರದ ತುಣುಕು ಹೆಕ್ಕಿ ತಿನ್ನುವ ಅಭ್ಯಾಸವನ್ನು ಪಟ್ಟುಹಿಡಿದು ಮಾಡಿಸಿದ ಕೋತಿಗಳಲ್ಲಿ ಆ ಜಾಗ ಉಳಿದುಕೊಂಡಿತು. ಕೆಲವದರಲ್ಲಿ ಅಕ್ಕಪಕ್ಕಕ್ಕೂ ಹಬ್ಬಿತು.

ಇಲ್ಲಿ ಪಟ್ಟುಹಿಡಿದು ಎಂಬುದಕ್ಕೆ ಲೆಕ್ಕವಿದೆ. ಪ್ರಾಣಿಗಳ ಪ್ರಯೋಗಗಳಲ್ಲಿ ದಿನಕ್ಕೆ ನಾನೂರರಿಂದ ಆರುನೂರು ಸಲ ಒಂದೇ ಚಲನೆ ಮಾಡಿಸುವುದು ವಾಡಿಕೆ. ಮನುಷ್ಯರಿಗೆ? ಕ್ಯಾಥರೀನ್ ಲ್ಯಾಂಗ್ ಮತ್ತವರ ತಂಡ ಚಿಕಿತ್ಸಾ ಕೊಠಡಿಗಳಲ್ಲಿ ಕೂತು, 312 ಭೇಟಿಗಳನ್ನು ಗಮನಿಸಿ ಎಣಿಸಿತು. 2009ರ ಅವರ ವರದಿಯ ಪ್ರಕಾರ, ಒಂದು ಭೇಟಿಯಲ್ಲಿ ಸೋತ ಕೈಯಿಂದ ಉದ್ದೇಶವಿಟ್ಟು ಮಾಡಿಸಿದ ಕೆಲಸ ಸರಾಸರಿ 32 ಸಲ. ಪರಿಣತರಿದ್ದ ಉತ್ತರ ಅಮೆರಿಕದ ಕೇಂದ್ರಗಳಲ್ಲೇ ಈ ಸ್ಥಿತಿ. ಇನ್ನು ಒಲೆ, ದನ, ಮಕ್ಕಳ ಶಾಲೆ ಎಲ್ಲವನ್ನೂ ಸಂಭಾಳಿಸುತ್ತಾ ಮಾವನ ಕೈ ಆಡಿಸುವ ಸೊಸೆಯಿಂದ ನೂರಾರು ಸಲದ ಲೆಕ್ಕ ಕೇಳುವುದು ನ್ಯಾಯವಲ್ಲ. 'ಅಟೆಂಡ್' ಸೋತದ್ದು ಮನೆಯವರ ಶ್ರದ್ಧೆಯಲ್ಲಲ್ಲ, ಪ್ರಮಾಣದಲ್ಲಿ ಎಂಬುದು ನನ್ನ ಅನಿಸಿಕೆ.

ಪ್ರಮಾಣ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಯೋಗವಿದೆ. ಅದರ ಬೇರು ಒಂದು ಅಹಿತಕರ ಕಥೆಯಲ್ಲಿದೆ. ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞ, ಕೋತಿಗಳ ಒಂದು ಕೈಯಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳನ್ನು ಬೆನ್ನುಹುರಿಯ ಬಳಿ ಕತ್ತರಿಸಿ ನೋಡುತ್ತಿದ್ದ. ಚಲನೆಯ ನರಗಳು ಸರಿಯಾಗಿದ್ದರೂ ಕೋತಿ ಆ ಕೈ ಬಳಸುವುದನ್ನೇ ನಿಲ್ಲಿಸುತ್ತಿತ್ತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮಾತ್ರ, ಬೇರೆ ದಾರಿಯಿಲ್ಲದೆ, 'ಸತ್ತ' ಕೈಯನ್ನೇ ಚಾಚುತ್ತಿತ್ತು. ಮೊದಮೊದಲು ಪ್ರಯತ್ನಿಸಿ ಸೋತದ್ದರಿಂದ ಬಳಸದಿರುವುದೇ ರೂಢಿಯಾಗಿಬಿಟ್ಟಿತ್ತು ಎಂದು ಟಾಬ್ ವಾದಿಸಿದ. 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವನ ಪ್ರಯೋಗಾಲಯಕ್ಕೆ ಪೊಲೀಸರು ನುಗ್ಗಿ 17 ಕೋತಿಗಳನ್ನು ವಶಪಡಿಸಿಕೊಂಡರು. ಹಿಂಸೆಯ ಆರೋಪದ ಮೇಲೆ ಕೆಳ ನ್ಯಾಯಾಲಯ ವಿಧಿಸಿದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಯಿತು. ಆ ಗೂಡುಗಳ ಚಿತ್ರ ನೋಡಿದವರಿಗೆ ಆ ವಿಜ್ಞಾನವನ್ನು ನಿರಾತಂಕವಾಗಿ ಹೊಗಳುವುದು ಸುಲಭವಲ್ಲ.

ಆದರೂ ಅದರಿಂದಲೇ ಒಂದು ಚಿಕಿತ್ಸೆ ಹುಟ್ಟಿತು: ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಸ್ಟೀವನ್ ವುಲ್ಫ್ ನೇತೃತ್ವದ 'ಎಕ್ಸೈಟ್' ಪ್ರಯೋಗ ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದ 222 ಜನರಲ್ಲಿ ಇದನ್ನು ಪರೀಕ್ಷಿಸಿತು. ಎರಡು ವಾರ ಎಚ್ಚರವಿದ್ದ ಬಹುಪಾಲು ಹೊತ್ತು ಕೈಗವಸು, ಜೊತೆಗೆ ದಿನಕ್ಕೆ ಆರು ಗಂಟೆಯವರೆಗೂ ಅಭ್ಯಾಸ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಈ ಗುಂಪಿನ ಕೈಯ ಚುರುಕು ಎಂದಿನ ಆರೈಕೆಯ ಗುಂಪಿಗಿಂತ ಸ್ಪಷ್ಟವಾಗಿ ಮೇಲಿತ್ತು, ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರನ್ನು ಮಾತ್ರ ಇದಕ್ಕೆ ತೆಗೆದುಕೊಂಡಿದ್ದರು. ಪೂರ್ತಿ ಜೋತುಬಿದ್ದ ಕೈಗೆ ಇದು ಮದ್ದಲ್ಲ.

ನಮ್ಮ ಮನೆಗಳಲ್ಲಿ ಇದು ಇನ್ನೊಂದು ರೀತಿ ಜಟಿಲ. ಬಲಗೈ ಸೋತವರಿಗೆ ಎಡಗೈಯಲ್ಲಿ ಉಣ್ಣಲು ಮುಜುಗರ, ಹಾಗಾಗಿ ಮನೆಯವರೇ ತುತ್ತು ಕೊಡುತ್ತಾರೆ. ಸೋತದ್ದು ಎಡಗೈಯಾದರೆ, ಬಲಗೈ ಇದೆಯಲ್ಲ ಎಂದು ಅದನ್ನು ಮರೆತೇಬಿಡುತ್ತಾರೆ. ಎರಡರಲ್ಲೂ ಬಳಸದಿರುವ ರೂಢಿ ಬೆಳೆಯುತ್ತದೆ. ಮುದ್ದೆ ಮುರಿಯುವುದು, ಲೋಟ ಎತ್ತುವುದು, ಬಟ್ಟೆ ಹಿಂಡುವುದು ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಎಷ್ಟು, ಯಾವಾಗ ಎಂದು ಕಂಡು ಹೇಳುವ ಪರಿಣತರು ಬೇಕು.

ಯಾವಾಗ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್, ಸ್ವತಃ ಫಿಸಿಯೋಥೆರಪಿಸ್ಟ್, ಐದು ದೇಶಗಳ 2104 ರೋಗಿಗಳಲ್ಲಿ ನಡೆಸಿದ 'ಅವರ್ಟ್' ಪ್ರಯೋಗ 2015ರಲ್ಲಿ ಇದನ್ನು ತಲೆಕೆಳಗು ಮಾಡಿತು. ಮೊದಲ 24 ಗಂಟೆಯೊಳಗೇ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಶೇ. 46, ಎಂದಿನಂತೆ ನಿಧಾನವಾಗಿ ಶುರುಮಾಡಿದವರಲ್ಲಿ ಶೇ. 50. ಮಲಗಿಸಿಯೇ ಇಡಿ ಎಂದು ಇದರರ್ಥವಲ್ಲ. ಮೊದಲ ದಿನಗಳಲ್ಲಿ ಒಮ್ಮೆಗೇ ದೀರ್ಘ ಹೊತ್ತು ಮಾಡಿಸುವುದಕ್ಕಿಂತ ಚಿಕ್ಕ ಚಿಕ್ಕ ಅವಧಿಗಳು ವಾಸಿ ಎಂದು ಅದೇ ಮಾಹಿತಿಯ ಮುಂದಿನ ವಿಶ್ಲೇಷಣೆ ಸೂಚಿಸಿತು.

ಹಾಗಾದರೆ ದೊಡ್ಡ ಯಂತ್ರವಿಲ್ಲದೆ, ದೊಡ್ಡ ಔಷಧಿಯಿಲ್ಲದೆ ಗೆದ್ದದ್ದು ಯಾವುದೂ ಇಲ್ಲವೇ? ಇದೆ, ನರ್ಸುಗಳ ಕೈಯಲ್ಲಿ. ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ಸ್ಯಾಂಡಿ ಮಿಡಲ್‌ಟನ್ ತಂಡ ಮೂರೇ ಸಂಗತಿಗಳನ್ನು ಮೊದಲ 72 ಗಂಟೆ ಕಟ್ಟುನಿಟ್ಟಾಗಿ ನೋಡಿಕೊಳ್ಳುವಂತೆ ನರ್ಸುಗಳಿಗೆ ಕಲಿಸಿತು: ಜ್ವರ, ರಕ್ತದ ಸಕ್ಕರೆ, ನುಂಗುವ ಶಕ್ತಿ. ಮೂರು ತಿಂಗಳಿಗೆ ಸತ್ತವರು, ಪರಾವಲಂಬಿಗಳಾದವರು ಒಟ್ಟು ಶೇ. 42, ಈ ತರಬೇತಿಯಿಲ್ಲದ ಘಟಕಗಳಲ್ಲಿ ಶೇ. 58. 2011ರ ಈ ವರದಿಗೆ ನಮ್ಮಲ್ಲಿ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ. ಪಾರ್ಶ್ವವಾಯುವಿನಲ್ಲಿ ಗಂಟಲಿನ ಸ್ನಾಯುಗಳೂ ಸೋಲಬಹುದು. ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಾಯಿ ಸೊಟ್ಟಗಾಗಿ ಕುಸಿದವರಿಗೆ ಗಾಬರಿಯಲ್ಲಿ ನೀರು ಕುಡಿಸುವುದು ನಮ್ಮ ಮೊದಲ ಪ್ರತಿಕ್ರಿಯೆ. ನುಂಗಲು ಆಗುತ್ತದೆಯೇ ಎಂದು ಪರೀಕ್ಷಿಸುವವರೆಗೆ ಒಂದು ಗುಟುಕೂ ಬೇಡ. ಮಾತು ಮತ್ತು ನುಂಗುವಿಕೆ, ಈ ಎರಡರ ಚಿಕಿತ್ಸೆಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಾದವರಿದ್ದಾರೆ.

ಒಮ್ಮೆ ಆದವರಿಗೆ ಎರಡನೆಯ ಸಲ ಬಾರದಂತೆ ತಡೆಯುವುದೂ ಅಂದುಕೊಂಡಷ್ಟು ಸಲೀಸಲ್ಲ. 'ಸ್ಪ್ರಿಂಟ್ ಇಂಡಿಯಾ' ಪ್ರಯೋಗ ದೇಶದ 31 ಕೇಂದ್ರಗಳಲ್ಲಿ, 12 ಭಾಷೆಗಳಲ್ಲಿ, 4298 ಜನರೊಂದಿಗೆ ನಡೆಯಿತು. ಒಂದು ಗುಂಪಿಗೆ ಮೊಬೈಲ್ ಸಂದೇಶ, ವಿಡಿಯೊ, ಕೈಪುಸ್ತಕದ ಮೂಲಕ ಮಾತ್ರೆ ತಪ್ಪಿಸಬೇಡಿ, ಬೀಡಿ ಬಿಡಿ ಎಂಬ ನೆನಪೋಲೆ. ಇನ್ನು ಮುಂದುವರಿಸಿ ಫಲವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು: ಒಂದು ವರ್ಷದಲ್ಲಿ ಮತ್ತೆ ಪಾರ್ಶ್ವವಾಯು, ಹೃದಯಾಘಾತದಂಥ ತೊಂದರೆ ಅಥವಾ ಸಾವು ಕಂಡವರು ಸಂದೇಶ ಪಡೆದವರಲ್ಲಿ ಶೇ. 5.5, ಪಡೆಯದವರಲ್ಲಿ ಶೇ. 4.9. ತಂಬಾಕು, ಕುಡಿತ ಬಿಟ್ಟವರು ಮೊದಲ ಗುಂಪಿನಲ್ಲಿ ಹೆಚ್ಚಿದ್ದರು ಎಂಬುದು ಸಮಾಧಾನ.

ಉಪದೇಶ ಸೋತ ಕಡೆ ಅಡುಗೆಮನೆಯ ಡಬ್ಬಿ ಗೆದ್ದಿತು. ಉತ್ತರ ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಪಾರ್ಶ್ವವಾಯು ಆಗಿದ್ದ ಅಥವಾ 60 ದಾಟಿ ಬಿ.ಪಿ. ಇದ್ದ 20,995 ಜನರಲ್ಲಿ ಅರ್ಧದಷ್ಟು ಹಳ್ಳಿಗಳವರಿಗೆ ಸಾದಾ ಉಪ್ಪಿನ ಬದಲು ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಸುಮಾರು ಐದು ವರ್ಷದಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಅಲ್ಲಿನ ಹಳ್ಳಿಯವರ ಉಪ್ಪು ಬಹುಪಾಲು ಮನೆ ಅಡುಗೆಯಲ್ಲೇ ಬೀಳುತ್ತದೆ. ನಮ್ಮ ಸಾರು, ಉಪ್ಪಿನಕಾಯಿ, ಹಪ್ಪಳದ ಕಥೆಯೂ ಅದೇ ಆದ್ದರಿಂದ ಈ ಫಲಿತಾಂಶ ನಮಗೆ ಹತ್ತಿರದ್ದು. ಇಂಥ ಉಪ್ಪು ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಹೆಚ್ಚು. ಮೂತ್ರಪಿಂಡದ ಗಂಭೀರ ಕಾಯಿಲೆ ಇದ್ದವರನ್ನು ಚೀನಾದ ಪ್ರಯೋಗದಲ್ಲಿ ಸೇರಿಸಿಕೊಂಡಿರಲಿಲ್ಲ. ಅಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಮನೆಯಲ್ಲಿ ಒಬ್ಬರಿಗೆ ಕಿಡ್ನಿ ತೊಂದರೆಯಿದ್ದರೂ, ಒಂದೇ ಪಾತ್ರೆಯ ಸಾರನ್ನು ಎಲ್ಲರೂ ಉಣ್ಣುವುದರಿಂದ, ಡಬ್ಬಿ ಬದಲಿಸುವ ಮೊದಲು ಡಾಕ್ಟರನ್ನು ಕೇಳಬೇಕು.