ಡಲ್ಲಾಸ್‌ನ ದೈತ್ಯ ಸಂಖ್ಯೆಯೂ ನಮ್ಮ ಒಂಬತ್ತರ ಮಗ್ಗಿಯೂ

ನಿಮ್ಮ ಮಕ್ಕಳು ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಾರೆ? ಡಲ್ಲಾಸ್ ಇರಲಿ, ಹ್ಯೂಸ್ಟನ್, ಆಸ್ಟಿನ್ ಇರಲಿ, ನಮ್ಮಲ್ಲಿ ಹಲವರ ಮನೆಯಲ್ಲಿ ಊಟಕ್ಕೆ ಕರೆಯುವುದು ಕನ್ನಡದಲ್ಲಿ, ಗದರುವುದೂ ಕನ್ನಡದಲ್ಲಿ. ಹೋಂವರ್ಕ್ ಶುರುವಾದ ಕೂಡಲೇ ಇಂಗ್ಲಿಷ್. ಹೀಗೇ ನಡೆದರೆ ತಲೆ ಓಡಿಸುವ ಕೆಲಸಕ್ಕೆ ಕನ್ನಡ ಬೇಕಿಲ್ಲ ಎಂದು ಮಕ್ಕಳು ತಿಳಿದುಬಿಡುತ್ತಾರೆ.

ಅವರಿಗೆ ಡಲ್ಲಾಸ್‌ನದೇ ಒಂದು ಕಥೆ ಹೇಳಿ. 1977ರಲ್ಲಿ ಅಲ್ಲಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ 50 ಸೆಕೆಂಡಿನಲ್ಲಿ ಹೇಳಿದರು. ಅಂದರೆ, ಯಾವ ಸಂಖ್ಯೆಯನ್ನು 23 ಸಲ ಬರೆದು ಗುಣಿಸಿದರೆ ಆ ದೈತ್ಯ ಸಂಖ್ಯೆ ಬರುತ್ತದೆ ಎಂಬುದು ಪ್ರಶ್ನೆ. ಉತ್ತರ 546372891.

ಇದನ್ನು ಮಕ್ಕಳ ಕೈಯಲ್ಲೇ ಬರೆಸಿ. ಶಾಲೆಯಲ್ಲಿ ಕಲಿಸಿದಂತೆ ಅಲ್ಪವಿರಾಮ ಹಾಕಿದರೆ 546,372,891. ವಿಶೇಷವೇನೂ ಕಾಣದು. ಈಗ ನಮ್ಮ ರೀತಿಯಲ್ಲಿ ಬರೆಸಿ: 54,63,72,891. ಗಟ್ಟಿಯಾಗಿ ಓದಿಸಿ: ಐವತ್ತನಾಲ್ಕು ಕೋಟಿ, ಅರವತ್ತಮೂರು ಲಕ್ಷ, ಎಪ್ಪತ್ತೆರಡು ಸಾವಿರದ ಎಂಟುನೂರ ತೊಂಬತ್ತೊಂದು. ಒಂಬತ್ತಾರಲೆ ಐವತ್ತನಾಲ್ಕು, ಒಂಬತ್ತೇಳಲೆ ಅರವತ್ತಮೂರು, ಒಂಬತ್ತೆಂಟಲೆ ಎಪ್ಪತ್ತೆರಡು! ಕೊನೆಯ 891 ಕೂಡ 99ರ ಒಂಬತ್ತು ಪಟ್ಟು. ಮಿಲಿಯನ್‌ನಲ್ಲಿ ಅಡಗಿದ್ದ ಮಗ್ಗಿ ಕೋಟಿ–ಲಕ್ಷದಲ್ಲಿ ಎದ್ದು ಕಾಣುತ್ತದೆ.

ಇನ್ನು ಜಾತಿ ಗುರುತಿಸುವ ಆಟ. ಕೊನೆಯ ಅಂಕಿ 1, ಹಾಗಾಗಿ ಇದು ಬೆಸ ಸಂಖ್ಯೆ. 9ರಿಂದ ಭಾಗವಾಗುವುದರಿಂದ ಅವಿಭಾಜ್ಯವಲ್ಲ, ಸಂಯುಕ್ತ ಸಂಖ್ಯೆ. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಮೂಲವೇ 9ರಿಂದ ಭಾಗವಾದರೆ 201 ಅಂಕಿಗಳ ಆ ದೈತ್ಯನನ್ನು 9ರಿಂದ ಕನಿಷ್ಠ 23 ಸಲ ಶೇಷವಿಲ್ಲದೆ ಭಾಗಿಸುತ್ತಾ ಹೋಗಬಹುದು. ಏಕೆ ಎಂದು ಕೇಳಿ. ಉತ್ತರ ಕನ್ನಡದಲ್ಲೇ ಬರಲಿ, ತಡವರಿಸಿದರೂ ಸರಿ.

ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೋ ಆಸ್ಟಿನ್‌ಗೋ ಕಾರಿನಲ್ಲಿ ಹೊರಟಾಗ ಸಣ್ಣ ಮೂಲಗಳ ಆಟ ಆಡಿ. 74,088ರ ಘನಮೂಲ ಎಷ್ಟು? ಘನದ ಕೊನೆಯ ಅಂಕಿ 8 ಆದರೆ ಮೂಲದ್ದು 2, 2 ಆದರೆ 8. 7 ಆದರೆ 3, 3 ಆದರೆ 7. ಉಳಿದವು ಇದ್ದ ಹಾಗೆಯೇ. ಇಲ್ಲಿ ಕೊನೆಯಲ್ಲಿ 8 ಇದೆ, ಆದ್ದರಿಂದ ಮೂಲದ ಬಿಡಿ ಸ್ಥಾನದಲ್ಲಿ 2. ಮುಂದಿನ 74 ಎಂಬುದು ನಾಲ್ಕರ ಘನ 64ಕ್ಕೂ ಐದರ ಘನ 125ಕ್ಕೂ ನಡುವೆ ಇದೆ, ಆದ್ದರಿಂದ ಹತ್ತರ ಸ್ಥಾನದಲ್ಲಿ 4. ಉತ್ತರ 42. ಕೊನೆಯ ಅಂಕಿಯ ಈ ನಿಯಮ 23ನೇ ಮೂಲಕ್ಕೂ ಹೊಂದುತ್ತದೆ.

ಸಂಶೋಧನೆ ನನ್ನ ವೃತ್ತಿ. ಅಲ್ಲಿ ಬರೆಯುವುದೆಲ್ಲ ಇಂಗ್ಲಿಷಿನಲ್ಲೇ. ಆದರೂ ಯೋಚನೆಗೆ ಎರಡು ದಾರಿ ಇದ್ದವರಿಗೆ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಈ ವಾರ ಮಕ್ಕಳಿಗೆ 19,683 ಕೊಡಿ. ಘನಮೂಲವನ್ನು ಕನ್ನಡದಲ್ಲಿ ಕೇಳಿ, ಆಮೇಲೆ ಅಜ್ಜಿ–ತಾತನಿಗೆ ಫೋನ್ ಮಾಡಿಸಿ ಇದೇ ಪ್ರಶ್ನೆ ಹಾಕಿಸಿ.