ಕೇಳುಗರೇ ಯಜಮಾನರಾದ ಬಾನುಲಿ

ಬಾನುಲಿ ಕೇಂದ್ರವೊಂದು ನಡೆಯಬೇಕಾದರೆ ಯಂತ್ರ ಬೇಕು, ಪರವಾನಗಿ ಬೇಕು, ಹಣವೂ ಬೇಕು. ಈ ಮೂರನ್ನೂ ಒದಗಿಸುವವರು ಯಾರು? ಕನ್ನಡನಾಡಿನಲ್ಲಿ ಈ ಪ್ರಶ್ನೆ ಬಾನುಲಿಯಷ್ಟೇ ಹಳೆಯದು.

1935ರ ಸೆಪ್ಟೆಂಬರ್ 10ರಂದು ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕ ಯಂತ್ರದ ಶಕ್ತಿ ಬರೇ 30 ವ್ಯಾಟ್. ಪಡಸಾಲೆಯ 40 ವ್ಯಾಟ್ ಬಲ್ಬಿಗಿಂತಲೂ ಕಡಿಮೆ! ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ದೇಶದ ಬಾನುಲಿಯೂ ಅದೇ ಹೆಸರು ತಳೆಯಿತು. ಕೈಯಿಂದ ಹಣ ಹಾಕಿ ಎಷ್ಟು ಕಾಲ ನಡೆಸಲಾದೀತು? 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು.

ಸ್ವಾತಂತ್ರ್ಯಾನಂತರ ದಶಕಗಳ ಕಾಲ ಪ್ರಸಾರವೆಲ್ಲ ಸರ್ಕಾರದ ಕೈಯಲ್ಲೇ ಉಳಿಯಿತು. 1995ರಲ್ಲಿ ಸುಪ್ರೀಂ ಕೋರ್ಟ್, ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಆದರೂ ಹಳ್ಳಿಯವರಿಗೆ ಪರವಾನಗಿ ಸಿಗಲಿಲ್ಲ.

ಇದಕ್ಕೊಂದು ಉಪಾಯ ಹುಡುಕಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಕೇಂದ್ರ ತೆರೆದವು. ಊರವರೇ ಕಾರ್ಯಕ್ರಮ ತಯಾರಿಸಿದರು. ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಮಹಿಳಾ ಸಂಘಗಳ ಸಭೆಗಳಲ್ಲಿ ಕೇಳಿಸಿದರು. ಗಾಳಿಯಲ್ಲಿ ಬಿತ್ತರಿಸಲು ಕಾನೂನು ಅಡ್ಡಿ. ಸರಿ, 2003ರಲ್ಲಿ ಟಿ.ವಿ. ಕೇಬಲ್ಲಿನ ತಂತಿಯಲ್ಲೇ ದನಿ ಹರಿಸಿದರು! ಸಮುದಾಯ ಸಂಸ್ಥೆಗಳಿಗೆ ಪರವಾನಗಿಯ ಬಾಗಿಲು ತೆರೆದದ್ದು 2006ರ ಕೊನೆಗೆ.

ಪರವಾನಗಿ ಬಂತು, ಹಣದ ಪ್ರಶ್ನೆ ಹೋಗಲಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಲೂಯಿಸ್ ಹಿಲ್ ಮತ್ತು ಸಂಗಡಿಗರು ‘ಕೆಪಿಎಫ್‌ಎ’ ಕೇಂದ್ರ ಆರಂಭಿಸಿದ್ದರು. ಜಾಹೀರಾತು ಬೇಡ, ಕೇಳುಗರ ವಂತಿಗೆಯೇ ಸಾಕು ಎಂಬುದು ಅವರ ಪಣ. ಮರುವರ್ಷವೇ ದುಡ್ಡಿಲ್ಲದೆ ಕೇಂದ್ರ ಮೂಕವಾಯಿತು. ಆಗ ಕೇಳುಗರೇ ಹಣ ಕೂಡಿಸಿದರು. 1951ರಲ್ಲಿ ದನಿ ಮರಳಿತು. ಮೌನದ ಆ ತಿಂಗಳುಗಳಲ್ಲಿ ಕೇಳುಗರಿಗೆ ಅದರ ಬೆಲೆ ತಿಳಿದಿತ್ತು.

ಸಮುದಾಯ ಬಾನುಲಿಯ ದನಿ ಮುಟ್ಟುವುದು ಸುಮಾರು 10 ಕಿ.ಮೀ. ಕುಮಟಾದಲ್ಲಿ ಕಂಬ ನೆಟ್ಟರೆ ಅಘನಾಶಿನಿ ಅಳಿವೆಯ ಆಸುಪಾಸಿಗೆ ಸಾಕು. ಗಜನಿಯ ಕಗ್ಗ ಭತ್ತ, ಬಳಚು ಆರಿಸುವವರ ಕಷ್ಟಸುಖ, ಪರೀಕ್ಷೆಯ ಪಾಠ: ವಿಷಯಕ್ಕೇನೂ ಬರವಿಲ್ಲ. ಪರವಾನಗಿ ವ್ಯಕ್ತಿಗಳಿಗಿಲ್ಲ; ಕಾಲೇಜುಗಳಿಗೆ, ಕನಿಷ್ಠ 3 ವರ್ಷ ಸೇವೆ ಸಲ್ಲಿಸಿದ ಸಂಸ್ಥೆಗಳಿಗೆ ಉಂಟು. ಗೋಪಾಲಸ್ವಾಮಿಯವರು ಹೊತ್ತಂಥ ಖರ್ಚನ್ನು ಒಂದೂರಿನ ಮನೆಗಳು ಹಂಚಿಕೊಂಡರೆ ಪ್ರತಿ ಮನೆಯ ಪಾಲಿಗೆ ಎಷ್ಟು ಬಂದೀತು? ಮಕ್ಕಳೇ, ಲೆಕ್ಕದ ಮೇಷ್ಟರೊಡನೆ ಕೂತು ಇದೊಂದು ಲೆಕ್ಕ ಮಾಡಿ ನೋಡಿ.